ಮೋಟಾರಿಲ್ಲದ ಐಒಟಿ ಲ್ಯಾಬು

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಚರ್ಚೆ. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ಎಂಬ ಪರಿಚಿತ ಹೆಸರುಗಳ ನಡುವೆ ‘ಇಂಟರ್‌ನೆಟ್ ಆಫ್ ಥಿಂಗ್ಸ್’ (ಐಒಟಿ) ಎಂಬ ಬಾಲ ಹೊತ್ತ ಕಂಪ್ಯೂಟರ್ ಸೈನ್ಸ್ ಶಾಖೆಗಳು ಸೇರಿಕೊಂಡು ಕೆಲವು ವರ್ಷಗಳಾದವು. ಹಳೆಯ ಶಾಖೆಗಳಲ್ಲೂ ಅದು ಐಚ್ಛಿಕ ವಿಷಯವಾಗಿ ಬಂದಿದೆ. ‘ಇದನ್ನು ಓದಿದರೆ ಮಗಳು ಕಂಪ್ಯೂಟರ್ ಮುಂದೆ ಕೂರುತ್ತಾಳೋ, ಫ್ಯಾಕ್ಟರಿಗೆ ಹೋಗುತ್ತಾಳೋ?’ ಎಂದು ತಂದೆತಾಯಂದಿರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಚೆನ್ನಾಗಿ ಕಲಿಸಿದರೆ ಎರಡೂ ಸಾಧ್ಯ. ನಾನು ನೋಡಿರುವ ಬಹುಪಾಲು ಲ್ಯಾಬುಗಳು ಮಾತ್ರ ಮೊದಲನೆಯದಕ್ಕಷ್ಟೇ ತಯಾರು ಮಾಡುತ್ತವೆ. ಕೈಗಾರಿಕೆಗೆ ಬೇಕಾದ ಐಒಟಿಯನ್ನು ವಿಶ್ವವಿದ್ಯಾಲಯದಲ್ಲಿ ಓದುವುದೆಂದರೆ ಏನನ್ನು ಓದಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ವಸ್ತುವಿಗೊಂದು ಸೆನ್ಸರ್ ಕೂಡಿಸುವುದು, ಅದು ಅಳೆದದ್ದನ್ನು ಜಾಲದ ಮೂಲಕ ಇನ್ನೊಂದೆಡೆಗೆ ಕಳಿಸುವುದು, ಅಲ್ಲಿ ಅದನ್ನು ನೋಡಿ ಏನಾದರೂ ಕ್ರಮ ಕೈಗೊಳ್ಳುವುದು. ಐಒಟಿ ಅಂದರೆ ಇಷ್ಟೆ. ಕೆವಿನ್ ಆಷ್ಟನ್ ಎಂಬ ಬ್ರಿಟಿಷ್ ತಂತ್ರಜ್ಞ 1999ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕೊಟ್ಟ ಉಪನ್ಯಾಸಕ್ಕೆ ಇಟ್ಟ ಹೆಸರು ಅದು. ಕಾರ್ಖಾನೆಗಳಲ್ಲಿ ಈ ಕೆಲಸ ಹೆಸರಿಗಿಂತ ಹಳೆಯದು. ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಗಟ್ಟಿಮುಟ್ಟು ಕಂಪ್ಯೂಟರ್ 1960ರ ದಶಕದ ಕೊನೆಗೇ ಅಮೆರಿಕದ ಕಾರು ಉದ್ಯಮದ ಅಗತ್ಯಕ್ಕಾಗಿ ರೂಪುಗೊಂಡಿತು. ಅದನ್ನು ತಯಾರಿಸಿದ ಮಾಡಿಕಾನ್ ಕಂಪನಿಯೇ 1979ರಲ್ಲಿ ಪ್ರಕಟಿಸಿದ ಮಾಡ್‌ಬಸ್ ಎಂಬ ಸಂವಹನ ಪದ್ಧತಿ ಇಂದಿಗೂ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎಲೆಕ್ಟ್ರಿಕ್ ಪ್ಯಾನಲ್‌ಗಳೊಳಗಿನ ಎನರ್ಜಿ ಮೀಟರುಗಳಲ್ಲಿ ನಡೆಯುತ್ತಿದೆ.

ವಿದ್ಯಾರ್ಥಿಗಳು ಮನೆಯ ಬಲ್ಬನ್ನು ಮೊಬೈಲಿನಿಂದ ಹೊತ್ತಿಸಲು ಬಳಸುವ ಎಂಕ್ಯೂಟಿಟಿ ಎಂಬ ಸಂವಹನ ಪದ್ಧತಿ ಕೂಡ ಹುಟ್ಟಿದ್ದು ಮನೆಗಾಗಿ ಅಲ್ಲ. ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಕೈಗಾರಿಕಾ ನಿಯಂತ್ರಣದಲ್ಲಿ ನುರಿತಿದ್ದ ಆರ್ಲೆನ್ ನಿಪ್ಪರ್ 1999ರಲ್ಲಿ ತೈಲ ಪೈಪ್‌ಲೈನುಗಳ ಮೇಲೆ ನಿಗಾ ಇಡಲು ಅದನ್ನು ರೂಪಿಸಿದರು. ಆಗ ದೂರದ ಪೈಪ್‌ಲೈನಿನಿಂದ ಸುದ್ದಿ ಬರುತ್ತಿದ್ದುದು ಉಪಗ್ರಹದ ಮೂಲಕ. ಅದು ದುಬಾರಿ, ನಿಧಾನ, ನಡುನಡುವೆ ಕಡಿದುಹೋಗುವಂಥದ್ದು. ಹಾಗಾಗಿ ಸಂದೇಶದ ತಲೆಬರಹ ಎರಡೇ ಬೈಟ್‌ಗಳಲ್ಲಿ ಮುಗಿಯಬೇಕು ಎಂಬಲ್ಲಿಂದ ಅದರ ವಿನ್ಯಾಸ ಹೊರಟಿತು. ಅದರಲ್ಲೊಂದು ಏರ್ಪಾಟು ನನಗೆ ತುಂಬ ಇಷ್ಟ. ಉಪಕರಣ ಸಂಪರ್ಕಕ್ಕೆ ಬಂದ ಕ್ಷಣದಲ್ಲೇ, ‘ನಾನು ಹೇಳದೆ ಕೇಳದೆ ಮಾಯವಾದರೆ ಈ ಸಂದೇಶವನ್ನು ಎಲ್ಲರಿಗೂ ತಿಳಿಸಿ’ ಎಂದು ಒಂದು ಉಯಿಲು ಬರೆದಿಟ್ಟಿರಬಹುದು. ಮೌನಕ್ಕೆ ಎರಡು ಅರ್ಥಗಳಿರುತ್ತವೆ. ಹೇಳಲು ಏನೂ ಇಲ್ಲದಿರುವುದು ಒಂದು, ಹೇಳಬೇಕಾದ ಉಪಕರಣವೇ ಸತ್ತಿರುವುದು ಇನ್ನೊಂದು. ಮರುಭೂಮಿಯಲ್ಲಿ ಹಾಯುವ ಪೈಪಿನ ಮಟ್ಟಿಗೆ ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

ಈ ಅಂತರ ನಮ್ಮ ಲ್ಯಾಬುಗಳಲ್ಲಿ ಕಾಣುವುದಿಲ್ಲ. ಅಲ್ಲಿ ಟೇಬಲ್ಲಿನ ಮೇಲೆ ಆರ್ಡುಯಿನೊ ಅಥವಾ ಇಎಸ್‌ಪಿ32 ಬೋರ್ಡ್, ಪಕ್ಕದಲ್ಲಿ ಡಿಎಚ್‌ಟಿ11 ಎಂಬ ಪುಟ್ಟ ನೀಲಿ ಸೆನ್ಸರ್. ಕೋಣೆಯ ಉಷ್ಣಾಂಶ ಕ್ಲೌಡಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಆಗಿ ಮೂಡಿದರೆ ಪ್ರಯೋಗ ಮುಗಿಯಿತು, ಸಹಿ ಬಿತ್ತು. ಮೊದಲ ವಾರಕ್ಕೆ ಇದು ಒಳ್ಳೆಯ ಪ್ರಯೋಗ, ಇದರಿಂದ ಹುಟ್ಟುವ ಉತ್ಸಾಹ ನಿಜವಾದದ್ದು. ಆದರೆ ಆ ಸೆನ್ಸರಿನ ಅಳತೆ ಎರಡು ಡಿಗ್ರಿ ಆಚೀಚೆ ಇರಬಹುದೆಂದು ಅದರ ತಯಾರಕರೇ ಹೇಳುತ್ತಾರೆ. ತಂತಿ ಕಿತ್ತು ಹೋದರೆ ಪ್ರೋಗ್ರಾಮ್ ಏನು ಮಾಡುತ್ತದೆ? ಬಹಳ ಸಲ ಹಳೆಯ ಸಂಖ್ಯೆಯನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಇಲ್ಲವೇ ಸೊನ್ನೆ ಕಳಿಸುತ್ತದೆ. ಗ್ರಾಫ್ ಅಚ್ಚುಕಟ್ಟಾಗಿ ಮುಂದುವರಿಯುತ್ತದೆ. ಕಾರ್ಖಾನೆಗೆ ಹೋಗಬೇಕಾದ ಹುಡುಗಿ ಕಲಿಯಬೇಕಾದ ಮೊದಲ ಪಾಠ ಇದೇ. ಪರದೆಯ ಮೇಲೆ ಕಂಡ ಸಂಖ್ಯೆ ನಿಜವೇ ಎಂದು ಅನುಮಾನಿಸುವುದು.

ಕೈಗಾರಿಕೆ ಈ ಪಾಠವನ್ನು ಎಂದೋ ಕಲಿತು ತನ್ನ ತಂತಿಗಳಲ್ಲೇ ಬರೆದಿಟ್ಟಿದೆ. ಒತ್ತಡ, ಮಟ್ಟ, ಹರಿವು ಅಳೆಯುವ ಟ್ರಾನ್ಸ್‌ಮಿಟರುಗಳು ತಮ್ಮ ಅಳತೆಯನ್ನು 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ತಿನ ರೂಪದಲ್ಲಿ ಕಳಿಸುತ್ತವೆ. 0ರಿಂದ 10 ಬಾರ್ ಅಳೆಯುವ ಉಪಕರಣದಲ್ಲಿ 4 ಅಂದರೆ ಒತ್ತಡವಿಲ್ಲ, 12 ಅಂದರೆ 5 ಬಾರ್, 20 ಅಂದರೆ ಪೂರ್ತಿ 10. ಸೊನ್ನೆಯಿಂದಲೇ ಏಕೆ ಶುರು ಮಾಡಲಿಲ್ಲ? ಸೊನ್ನೆಯಿಂದ ಶುರು ಮಾಡಿದ್ದರೆ ಕೊಳವೆಯಲ್ಲಿ ಒತ್ತಡವಿಲ್ಲದಿರುವುದಕ್ಕೂ ತಂತಿ ತುಂಡಾಗಿರುವುದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. 4ರಿಂದ ಶುರು ಮಾಡಿದ್ದರಿಂದ, ಸೊನ್ನೆ ಬಂದರೆ ಅದು ಅಳತೆಯಲ್ಲ, ಕೆಟ್ಟಿದೆ ಎಂಬ ಸುದ್ದಿ. ಅದೇ 4 ಮಿಲಿ ಆಂಪಿಯರಿನಲ್ಲೇ ಉಪಕರಣ ತನ್ನನ್ನೂ ನಡೆಸಿಕೊಳ್ಳುವುದರಿಂದ ಎರಡೇ ತಂತಿ ಸಾಕು. ಇಷ್ಟು ಬುದ್ಧಿವಂತ, ಇಷ್ಟು ಸರಳ ಉಪಾಯವನ್ನು ಐಒಟಿ ಪಠ್ಯದಲ್ಲಿ ಒಂದು ಸಾಲಿನಲ್ಲಿ ದಾಟಿಬಿಡುವುದು ನನಗೆ ನಷ್ಟ ಎನಿಸುತ್ತದೆ.

ಮಾಡ್‌ಬಸ್‌ನಲ್ಲೂ ಇಂಥದ್ದೇ ಒಂದು ಪ್ರಯೋಗ ಮಾಡಿಸಬಹುದು. ಅಲ್ಲಿ ಸಂಖ್ಯೆ ಇಡುವ ಪ್ರತಿ ಖಾನೆ, ಅಂದರೆ ರಿಜಿಸ್ಟರ್, 16 ಬಿಟ್‌ನದು. ವೋಲ್ಟೇಜಿನಂಥ ದಶಮಾಂಶ ಸಂಖ್ಯೆಗೆ 32 ಬಿಟ್ ಬೇಕಾದ್ದರಿಂದ ಎರಡು ರಿಜಿಸ್ಟರ್ ಜೋಡಿಸಬೇಕು. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಒಂದೊಂದು ಕಂಪನಿಯ ಮೀಟರು ಒಂದೊಂದು ರೀತಿಯಲ್ಲಿ ಇಟ್ಟುಕೊಂಡಿರುತ್ತದೆ. ಅದಲುಬದಲಾಗಿ ಓದಿದರೆ 230 ವೋಲ್ಟ್ ಇರಬೇಕಾದಲ್ಲಿ ಸೊನ್ನೆಗೆ ಅಂಟಿಕೊಂಡಂಥ ಸಂಖ್ಯೆ ಬರುತ್ತದೆ. ಮೀಟರಿನ ಪರದೆಯಲ್ಲಿ 230, ಲ್ಯಾಪ್‌ಟಾಪಿನಲ್ಲಿ 0. ಒಂದು ಮಧ್ಯಾಹ್ನ ಇದರೊಂದಿಗೆ ಹೆಣಗಿದ ವಿದ್ಯಾರ್ಥಿ ಕೈಪಿಡಿ ಓದುವುದನ್ನು ಜನ್ಮದಲ್ಲಿ ಬಿಡುವುದಿಲ್ಲ.

ಇನ್ನು ಮೋಟಾರಿಗೆ ಬರೋಣ. ಕೈಗಾರಿಕಾ ಐಒಟಿಯಲ್ಲಿ ಅತಿ ಹೆಚ್ಚು ಮಾತಾಡುವ ವಿಷಯ ಯಂತ್ರ ಕೆಡುವ ಮೊದಲೇ ಅದರ ಸುಳಿವು ಹಿಡಿಯುವುದು. ಪಂಪು, ಫ್ಯಾನು, ಕಂಪ್ರೆಸರು, ಕನ್ವೇಯರು ಯಾವುದೇ ಇರಲಿ, ಒಳಗೊಂದು ಮೋಟಾರು, ಮೋಟಾರಿನಲ್ಲಿ ಎರಡು ಬೇರಿಂಗು ಇದ್ದೇ ಇರುತ್ತವೆ. ಮೋಟಾರು ಕೆಡುವ ಕಾರಣಗಳಲ್ಲಿ ಬೇರಿಂಗಿನದು ದೊಡ್ಡ ಪಾಲು. ಹಳೆಯ ಫಿಟ್ಟರುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಹೌಸಿಂಗಿಗೆ ಒತ್ತಿ ಹಿಡಿಗೆ ಕಿವಿಕೊಟ್ಟು ಕೇಳುತ್ತಾರೆ. ‘ಇನ್ನು ಒಂದು ವಾರ ಓಡುತ್ತೆ ಸಾರ್, ಆಮೇಲೆ ಗ್ಯಾರಂಟಿ ಇಲ್ಲ’ ಅನ್ನುತ್ತಾರೆ. ಅವರು ಕೇಳುವುದೇನು ಎಂಬುದರ ಲೆಕ್ಕ ಬಹಳ ಸೊಗಸಾಗಿದೆ.

ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಪೋಲಿನ ಇಂಡಕ್ಷನ್ ಮೋಟಾರು ಲೋಡ್ ಹೊತ್ತಾಗ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕಾಣುವ 6205 ನಂಬರಿನ ಬೇರಿಂಗಿನಲ್ಲಿ ಒಂಬತ್ತು ಗುಂಡುಗಳಿರುತ್ತವೆ. ಹೊರ ಬಳೆಯಲ್ಲಿ ಒಂದು ಚಿಕ್ಕ ಗುಳಿ ಬಿದ್ದಿದೆ ಎನ್ನೋಣ. ಪ್ರತಿ ಗುಂಡು ಅದರ ಮೇಲೆ ಹಾಯುವಾಗ ಒಂದು ಸಣ್ಣ ಪೆಟ್ಟು. ಬೇರಿಂಗಿನ ಅಳತೆಗಳಿಂದ ಲೆಕ್ಕ ಹಾಕಿದರೆ ಶಾಫ್ಟಿನ ಒಂದು ಸುತ್ತಿಗೆ ಸುಮಾರು 3.58 ಪೆಟ್ಟು ಬರುತ್ತದೆ. 24ರಿಂದ ಗುಣಿಸಿ, ಸೆಕೆಂಡಿಗೆ 86. ಗುಳಿ ಒಳ ಬಳೆಯಲ್ಲಿದ್ದರೆ ಸುತ್ತಿಗೆ 5.42, ಸೆಕೆಂಡಿಗೆ 130. ಮೋಟಾರನ್ನು ಬಿಚ್ಚದೆ, ನಿಲ್ಲಿಸದೆ, ಹೊರಗೆ ಅಂಟಿಸಿದ ಒಂದು ಕಂಪನ ಸೆನ್ಸರಿನಿಂದ ಯಾವ ಬಳೆ ಸವೆದಿದೆ ಎಂದು ಹೇಳಲು ಸಾಧ್ಯವಾಗುವುದು ಹೀಗೆ. ಎಂಜಿನಿಯರಿಂಗ್ ಓದಿನಲ್ಲಿ ಇಂಥ ಸಂತೋಷಗಳು ಕಡಿಮೆ. ಇದನ್ನು ಮಕ್ಕಳಿಂದ ಕಿತ್ತುಕೊಳ್ಳಬಾರದು.

ಆದರೆ ಆ 86 ಎಂಬುದು ಗ್ರಾಫಿನಲ್ಲಿ ತಾನಾಗಿ ಎದ್ದು ಕಾಣುವುದಿಲ್ಲ. ಪ್ರತಿ ಪೆಟ್ಟಿಗೂ ಬೇರಿಂಗ್ ಹೌಸಿಂಗು ತನ್ನದೇ ಸ್ವರದಲ್ಲಿ, ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ದೇವಸ್ಥಾನದ ಗಂಟೆಯ ನಾದ ಅದರ ಲೋಹದಿಂದ ಬಂದದ್ದು, ನಿಮಿಷಕ್ಕೆ ಎಷ್ಟು ಸಲ ಹೊಡೆಯಿತು ಎಂಬುದು ಹೊಡೆದವರಿಂದ ಬಂದದ್ದು. ಇಲ್ಲಿ ನಮಗೆ ಬೇಕಾದ್ದು ಎರಡನೆಯದು. ಹಾಗಾಗಿ ಮೊದಲು ಆ ಎತ್ತರದ ಸ್ವರವನ್ನು ಹಿಡಿಯಬೇಕು, ಆಮೇಲೆ ಅದರ ಏರಿಳಿತದ ಹೊರರೇಖೆಯನ್ನು ತೆಗೆದು ಅದರೊಳಗೆ 86ನ್ನು ಹುಡುಕಬೇಕು. ಎತ್ತರದ ಸ್ವರ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆಯಬೇಕು. ಈ ನಿಯಮ ಮೀರಿದರೆ ಆಗುವುದು ಬರೀ ತಪ್ಪಲ್ಲ, ನಂಬುವಂಥ ತಪ್ಪು. ಸೆಕೆಂಡಿಗೆ 24 ಸಲದ ಕಂಪನವನ್ನು ಸೆಕೆಂಡಿಗೆ 25 ಸಲ ಅಳೆದು ನೋಡಿ. ಪರದೆಯಲ್ಲಿ ಸೆಕೆಂಡಿಗೆ ಒಂದೇ ಸಲ ಏರಿಳಿಯುವ ನಿಧಾನದ, ಸುಂದರವಾದ ಅಲೆ ಬರುತ್ತದೆ. ಅಂಥ ಅಲೆ ಯಂತ್ರದಲ್ಲಿ ಇಲ್ಲವೇ ಇಲ್ಲ.

ಕಂಪನವನ್ನು ಸೆಕೆಂಡಿಗೆ 25,600 ಸಲ, ಪ್ರತಿ ಸಲ ಮೂರು ಬೈಟ್‌ನಂತೆ ಅಳೆದರೆ ಒಂದು ದಿಕ್ಕಿನ ಕಂಪನವೇ ದಿನಕ್ಕೆ 6.6 ಗಿಗಾಬೈಟ್ ಆಗುತ್ತದೆ. ಮೂರು ದಿಕ್ಕಿಗೆ ಸುಮಾರು 20. ಇದು ಒಂದು ಮೋಟಾರಿನ ಕಥೆ. ದೂರದವರೆಗೆ ಹೋಗುವ, ಬ್ಯಾಟರಿ ಬಹುಕಾಲ ಬಾಳುವ ಲೋರಾವ್ಯಾನ್ ರೇಡಿಯೊ ನಮ್ಮಲ್ಲಿ 865 ಮೆಗಾಹರ್ಟ್ಸ್‌ನಿಂದ ಶುರುವಾಗುವ, ಪರವಾನಗಿ ಬೇಡದ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅತಿ ನಿಧಾನದ ವೇಗದಲ್ಲಿ ಅದು ಒಂದು ಸಂದೇಶಕ್ಕೆ ಒಯ್ಯುವುದು 51 ಬೈಟ್ ಮಾತ್ರ. ದಿನಕ್ಕೆ 20 ಗಿಗಾಬೈಟ್ ಎಲ್ಲಿ, 51 ಬೈಟ್ ಎಲ್ಲಿ! ಹಾಗಾಗಿ ಲೆಕ್ಕವನ್ನು ಮೋಟಾರಿನ ಪಕ್ಕದಲ್ಲೇ ಮುಗಿಸಿ, 86 ಹರ್ಟ್ಸ್‌ನಲ್ಲಿ ಎಷ್ಟು ಬಲ, 130ರಲ್ಲಿ ಎಷ್ಟು, ಒಟ್ಟು ಕಂಪನ ಎಷ್ಟು, ಬೇರಿಂಗಿನ ಬಿಸಿ ಎಷ್ಟು ಎಂಬ ನಾಲ್ಕೈದು ಸಂಖ್ಯೆಗಳನ್ನಷ್ಟೇ ಕಳಿಸಬೇಕು. ‘ಎಡ್ಜ್ ಕಂಪ್ಯೂಟಿಂಗ್’ ಎಂಬ ಹೆಸರಿನಲ್ಲಿ ಪರೀಕ್ಷೆಗೆ ಐದು ಅಂಕದ ಟಿಪ್ಪಣಿಯಾಗಿ ಬಾಯಿಪಾಠ ಮಾಡುವುದು ಇದನ್ನೇ. ಮೇಲಿನ ಗುಣಾಕಾರವನ್ನು ಒಮ್ಮೆ ತಾನೇ ಮಾಡಿದವರಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ‘ಕೃತಕ ಬುದ್ಧಿಮತ್ತೆಯಿಂದ ಬೇರಿಂಗ್ ದೋಷ ಪತ್ತೆ, ಶೇ 99 ನಿಖರತೆ’ ಎಂಬ ತರಹದ ಶೀರ್ಷಿಕೆಗಳು ಈಗ ಸಾಮಾನ್ಯ. ಅವುಗಳಲ್ಲಿ ಬಹಳಷ್ಟಕ್ಕೆ ದತ್ತಾಂಶ ಬಂದಿರುವುದು ಅಮೆರಿಕದ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಿಂದ. ಅಲ್ಲಿ 2 ಅಶ್ವಶಕ್ತಿಯ ಮೋಟಾರಿನ ಬೇರಿಂಗುಗಳಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ವಿಧಾನದಲ್ಲಿ 0.007, 0.014, 0.021 ಇಂಚಿನ ಗುಳಿಗಳನ್ನು ಬೇಕೆಂದೇ ಮಾಡಿ, ಸೆಕೆಂಡಿಗೆ 12,000 ಮತ್ತು 48,000 ಸಲ ಕಂಪನ ಅಳೆದು, ಎಲ್ಲವನ್ನೂ ಜಗತ್ತಿಗೆ ಉಚಿತವಾಗಿ ಕೊಟ್ಟಿದ್ದಾರೆ. ಅದು ದೊಡ್ಡ ಉಪಕಾರ. ಮೋಟಾರು ಕೊಳ್ಳಲು ದುಡ್ಡಿಲ್ಲದ ಕಾಲೇಜಿನ ವಿದ್ಯಾರ್ಥಿಯೂ ನಿಜವಾದ ಸಂಕೇತಗಳ ಮೇಲೆ ಕೆಲಸ ಮಾಡಬಹುದು.

ತೊಂದರೆ ಇರುವುದು ಬಳಸುವ ರೀತಿಯಲ್ಲಿ. ಕೆಲವೇ ಸೆಕೆಂಡುಗಳ ಒಂದು ದಾಖಲೆಯನ್ನು ನೂರಾರು ತುಂಡು ಮಾಡುತ್ತಾರೆ. ತುಂಡುಗಳನ್ನೆಲ್ಲ ಕಲಸಿ, ಶೇ 80ನ್ನು ಕಲಿಕೆಗೆ, ಶೇ 20ನ್ನು ಪರೀಕ್ಷೆಗೆ ಇಡುತ್ತಾರೆ. ಅಂದರೆ ಅದೇ ಬೇರಿಂಗು, ಅದೇ ಜೋಡಣೆ, ಅದೇ ಲೋಡು, ಅದೇ ಕ್ಷಣದ ಅಕ್ಕಪಕ್ಕದ ತುಂಡುಗಳು ಎರಡೂ ಕಡೆ ಸೇರಿರುತ್ತವೆ. ಪ್ರೋಗ್ರಾಮ್ ಕಲಿತದ್ದು ಗುಳಿಯ ಗುರುತನ್ನೋ, ಆ ಒಂದು ದಾಖಲೆಯ ಗುರುತನ್ನೋ ಎಂದು ಹೇಳಲು ದಾರಿಯೇ ಇಲ್ಲ. ಉತ್ತರಪತ್ರಿಕೆ ನೋಡಿಕೊಂಡು ಬರೆದ ಪರೀಕ್ಷೆಯಲ್ಲಿ 99 ಬರುವುದು ಸಹಜ. ಆಸ್ಟ್ರೇಲಿಯಾದ ವೇಡ್ ಸ್ಮಿತ್ ಮತ್ತು ರಾಬರ್ಟ್ ರ್‍ಯಾಂಡಲ್ ಎಂಬ ಸಂಶೋಧಕರು ಈ ದತ್ತಾಂಶದ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ 2015ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಕೆಲವು ದಾಖಲೆಗಳಲ್ಲಿ ದೋಷ ತೀರ ಸುಲಭವಾಗಿ ಕಾಣುತ್ತದೆ, ಇನ್ನು ಕೆಲವದರಲ್ಲಿ ಪರಿಚಿತ ವಿಧಾನಗಳಿಂದ ಗುರುತಿಸುವುದೇ ಕಷ್ಟ ಎಂದು ಅವರು ತೋರಿಸಿದರು. ಈ ದತ್ತಾಂಶ ಬಳಸುವ ಪ್ರತಿ ವಿದ್ಯಾರ್ಥಿಯೂ ಮೊದಲು ಓದಬೇಕಾದ್ದು ಆ ಪ್ರಬಂಧ.

ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯ ಇದಕ್ಕೊಂದು ಒಳ್ಳೆಯ ಜೊತೆ ಕೊಟ್ಟಿದೆ. ಅವರು ಪ್ರಕಟಿಸಿದ 32 ಬೇರಿಂಗುಗಳಲ್ಲಿ 6 ಸುಸ್ಥಿತಿಯವು, 12 ಕೃತಕವಾಗಿ ಹಾಳು ಮಾಡಿದವು, 14 ಹೆಚ್ಚು ಹೊರೆ ಹೊರಿಸಿ ತಿರುಗಿಸಿ ತಿರುಗಿಸಿ ನಿಜವಾಗಿಯೇ ಸವೆಸಿದವು. ಕೃತಕವಾದದ್ದರ ಮೇಲೆ ಕಲಿಸಿ, ನಿಜವಾಗಿ ಸವೆದದ್ದರ ಮೇಲೆ ಪರೀಕ್ಷಿಸಿದರೆ ನಿಖರತೆ ಎಲ್ಲಿಗೆ ಇಳಿಯುತ್ತದೆ ಎಂದು ನೋಡುವುದೇ ಒಂದು ಪ್ರಾಜೆಕ್ಟ್. ಇಳಿದ ಸಂಖ್ಯೆ ಬರೆದ ವಿದ್ಯಾರ್ಥಿಗೆ ಕಡಿಮೆ ಅಂಕ ಕೊಡುವ ಪರೀಕ್ಷಕರಿದ್ದರೆ ಅದು ಆ ಮಗುವಿಗೆ ಮಾಡುವ ಅನ್ಯಾಯ.

ಇನ್ನೊಂದು ಲೆಕ್ಕ. ಶೇ 99 ನಿಖರತೆ ನಿಜವೇ ಎಂದುಕೊಳ್ಳೋಣ. ಕಾರ್ಖಾನೆಯಲ್ಲಿ 200 ಮೋಟಾರು, ದಿನಕ್ಕೊಮ್ಮೆ ಪರೀಕ್ಷೆ. ಚೆನ್ನಾಗಿರುವ ಮೋಟಾರುಗಳಲ್ಲಿ ನೂರಕ್ಕೊಂದರಂತೆ ಸುಳ್ಳು ಎಚ್ಚರಿಕೆ ಬಂದರೂ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು. ನಿಜವಾಗಿ ಕೆಡುವ ಮೋಟಾರು ತಿಂಗಳಿಗೆ ಒಂದೋ ಎರಡೋ ಇರಬಹುದು. ಮೇಂಟೆನೆನ್ಸ್‌ನವರು ಮೊದಲ ವಾರ ಏಣಿ ಹತ್ತಿ ಇಳಿದು ನೋಡುತ್ತಾರೆ, ಎರಡನೆಯ ವಾರ ಫೋನ್ ಮಾಡಿ ವಿಚಾರಿಸುತ್ತಾರೆ, ಮೂರನೆಯ ವಾರ ಎಚ್ಚರಿಕೆಯ ಸದ್ದನ್ನೇ ಆಫ್ ಮಾಡುತ್ತಾರೆ. ಅವರದ್ದು ತಪ್ಪಲ್ಲ. ಆ ಸಂಖ್ಯೆ ಎಲ್ಲಿಗೆ ಹೋಗಿ ಯಾರ ಕೈಯ ಕೆಲಸವಾಗುತ್ತದೆ ಎಂದು ಯೋಚಿಸದೆ ವ್ಯವಸ್ಥೆ ಕಟ್ಟಿದವರದು.

ಸುಳ್ಳು ಎಚ್ಚರಿಕೆಗಿಂತ ಭೀಕರವಾದದ್ದು ಸುಳ್ಳು ಸಮಾಧಾನ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಅಣು ಸ್ಥಾವರದಲ್ಲಿ ಸೀಮೆನ್ಸ್ ನಿಯಂತ್ರಕಗಳೊಳಗೆ ಸೇರಿ, ಸೆಂಟ್ರಿಫ್ಯೂಜುಗಳ ವೇಗವನ್ನು ಹಾಳಾಗುವ ಮಟ್ಟಕ್ಕೆ ಏರಿಳಿಸಿತು. ಅದೇ ಹೊತ್ತಿಗೆ ಮೊದಲೇ ದಾಖಲಿಸಿಕೊಂಡಿದ್ದ ಮಾಮೂಲಿ ಅಳತೆಗಳನ್ನು ಮುಂದಕ್ಕೆ ಕಳಿಸುತ್ತಿತ್ತು. ನೋಡುತ್ತ ಕೂತಿದ್ದವರಿಗೆ ಎಲ್ಲವೂ ಸರಿಯಾಗಿತ್ತು. ಆ ಸ್ಥಾವರ ಇಂಟರ್‌ನೆಟ್ಟಿಗೆ ಜೋಡಣೆಯೇ ಆಗಿರಲಿಲ್ಲ; ಯುಎಸ್‌ಬಿ ಡ್ರೈವಿನಂಥ ದಾರಿಗಳು ಸಾಕಾದವು. ಇಂಥ ದಾಳಿ ಹರಡದಂತೆ ಜಾಲದ ನಡುವೆ ಗೋಡೆಗಳು ಬೇಕು. ಕಾರ್ಖಾನೆಯ ಜಾಲವನ್ನು ಯಂತ್ರ, ನಿಯಂತ್ರಕ, ಮೇಲ್ವಿಚಾರಣೆ, ಕಚೇರಿ ಎಂದು ಮಜಲು ಮಜಲಾಗಿ ಬೇರ್ಪಡಿಸುವ ಪರ್ಡ್ಯೂ ಮಾದರಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಥಿಯೊಡೋರ್ ವಿಲಿಯಮ್ಸ್ ಅವರ ಕೆಲಸದಿಂದ ಬಂದದ್ದು. ಸೆನ್ಸರಿನಿಂದ ನೇರ ಕ್ಲೌಡಿಗೆ ಎಂಬ ಹೊಸ ಉಮೇದು ಆ ಗೋಡೆಗಳನ್ನು ಕೆಡವುತ್ತದೆ. ಕೆಡವುವ ಮೊದಲು ಅವನ್ನು ಏಕೆ ಕಟ್ಟಿದ್ದರು ಎಂದು ಓದಿರಬೇಕು. ಮೊಬೈಲಿಗೆ ಆಗಾಗ ಅಪ್‌ಡೇಟ್ ಬರುತ್ತದೆ, ಎರಡು ದಶಕ ದುಡಿಯುವ ಪ್ರೆಸ್ಸಿನ ನಿಯಂತ್ರಕಕ್ಕೆ ಬರುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಗುಂಡಿಯ ತಂತಿ ಎಂದೂ ಕ್ಲೌಡನ್ನು ಹಾದು ಬರಬಾರದು ಎಂಬುದನ್ನಂತೂ ಮೊದಲ ತರಗತಿಯಲ್ಲೇ ಹೇಳಿಬಿಡಬೇಕು.

ಇಷ್ಟೆಲ್ಲ ಕಲಿಸುವವರು ಯಾರು? ಬೇರಿಂಗ್ ಗೊತ್ತಿರುವವರು ಮೆಕ್ಯಾನಿಕಲ್ ವಿಭಾಗದಲ್ಲಿದ್ದಾರೆ, ಮೋಟಾರು ಎಲೆಕ್ಟ್ರಿಕಲ್‌ನಲ್ಲಿ, ಸಂಕೇತಗಳ ಲೆಕ್ಕ ಎಲೆಕ್ಟ್ರಾನಿಕ್ಸ್‌ನಲ್ಲಿ, ಜಾಲ ಮತ್ತು ಪ್ರೋಗ್ರಾಮ್ ಕಂಪ್ಯೂಟರ್ ಸೈನ್ಸ್‌ನಲ್ಲಿ. ನಾಲ್ಕೂ ಒಂದೇ ಆವರಣದಲ್ಲಿರುತ್ತವೆ. ಒಂದರ ವಿದ್ಯಾರ್ಥಿ ಇನ್ನೊಂದರ ಲ್ಯಾಬಿನ ಬಾಗಿಲು ದಾಟುವುದು ಅಪರೂಪ. ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಮೋಟಾರುಗಳಿವೆ, ಐಒಟಿ ಲ್ಯಾಬಿನಲ್ಲಿ ಇಲ್ಲ. ಐವತ್ತು ಹೆಜ್ಜೆ ನಡೆದು ಹೋಗಿ ಒಂದು ಸೆನ್ಸರ್ ಅಂಟಿಸಲು ಹೊಸ ಅನುದಾನ ಬೇಕಿಲ್ಲ, ಇಬ್ಬರು ಎಚ್‌ಒಡಿಗಳು ಮಾತಾಡಿಕೊಂಡರೆ ಸಾಕು.

ಅನುಕೂಲಗಳೂ ಇವೆ. ಕೇಂದ್ರದ ಭಾರೀ ಕೈಗಾರಿಕೆಗಳ ಸಚಿವಾಲಯದ ‘ಸಮರ್ಥ್ ಉದ್ಯೋಗ್’ ಯೋಜನೆಯಡಿ ಸ್ಥಾಪಿಸಿದ ಆಧುನಿಕ ಉತ್ಪಾದನಾ ತಂತ್ರಜ್ಞಾನದ ಕೇಂದ್ರಗಳಲ್ಲಿ ಎರಡು ಬೆಂಗಳೂರಿನಲ್ಲೇ ಇವೆ: ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಲ್ಲಿ. ಐಐಟಿ ಖರಗಪುರದ ಪ್ರೊ. ಸುದೀಪ್ ಮಿಶ್ರಾ ಅವರ ಕೈಗಾರಿಕಾ ಐಒಟಿ ಪಾಠಗಳು ಎನ್‌ಪಿಟಿಇಎಲ್ ಆನ್‌ಲೈನ್ ವೇದಿಕೆಯಲ್ಲಿ ಉಚಿತವಾಗಿ ಸಿಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವ ಬೆಳಗಾವಿಯಲ್ಲೇ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ, ಫೌಂಡ್ರಿಗಳಿವೆ. ಪಾಠ ಪರದೆಯಲ್ಲಿ ಕೇಳಬಹುದು, ಯಂತ್ರದ ಹತ್ತಿರ ಮಾತ್ರ ಕಾಲ್ನಡಿಗೆಯಲ್ಲೇ ಹೋಗಬೇಕು.

ಹೋದಾಗ ಏನು ಮಾಡಬಹುದು ಎಂಬುದಕ್ಕೆ ಒಂದು ಸಣ್ಣ ಪ್ರಾಜೆಕ್ಟನ್ನು ವಿವರವಾಗಿ ಹೇಳುತ್ತೇನೆ. ಕೃತಕ ಬುದ್ಧಿಮತ್ತೆ ಅದರಲ್ಲಿ ಬೇಡ. ಸಣ್ಣ ಕಾರ್ಖಾನೆಗಳಲ್ಲಿ ಗಾಳಿಯ ಕಂಪ್ರೆಸರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪೈಪಿನ ಜಾಯಿಂಟು, ಸವೆದ ಹೋಸು, ಮುಚ್ಚದ ವಾಲ್ವುಗಳಿಂದ ಗಾಳಿ ಸೋರುತ್ತಲೇ ಇರುತ್ತದೆ. ಎಣ್ಣೆ ಸೋರಿದರೆ ನೆಲ ಒದ್ದೆ, ನೀರು ಸೋರಿದರೆ ಕೆಸರು. ಗಾಳಿ ಸೋರಿದರೆ ಕಣ್ಣಿಗೆ ಏನೂ ಕಾಣದು, ಯಂತ್ರಗಳ ಗದ್ದಲದಲ್ಲಿ ಸದ್ದೂ ಕೇಳದು. ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 20ರಿಂದ 30 ಸೋರಿಕೆಯಲ್ಲೇ ಹೋಗಬಹುದು ಎಂದು ಅಮೆರಿಕದ ಇಂಧನ ಇಲಾಖೆಯ ಕೈಪಿಡಿಗಳು ಹೇಳುತ್ತವೆ.

ಕಂಪ್ರೆಸರಿನ ಒಂದು ಕೇಬಲ್ಲಿಗೆ ತೆರೆದು ಮುಚ್ಚುವಂಥ ಕರೆಂಟ್ ಸೆನ್ಸರ್ ಸಿಕ್ಕಿಸಬೇಕು. ಪ್ಯಾನಲ್ ತೆರೆದು ಅದನ್ನು ಹಾಕಬೇಕಾದವರು ಕಾರ್ಖಾನೆಯ ಎಲೆಕ್ಟ್ರಿಷಿಯನ್, ವಿದ್ಯಾರ್ಥಿಯಲ್ಲ. ಅಗ್ಗದ ಬೋರ್ಡೊಂದು ಸೆಕೆಂಡಿಗೊಮ್ಮೆ ಕರೆಂಟ್ ದಾಖಲಿಸಿದರೆ ಸಾಕು. ಶಿಫ್ಟ್ ಮುಗಿದ ಮೇಲೆ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ಓಡಲು ಬಿಡಬೇಕು. ಯಾರೂ ಗಾಳಿ ಬಳಸುತ್ತಿಲ್ಲ, ಆದರೂ ಒತ್ತಡ ಇಳಿಯುತ್ತದೆ, ಕಂಪ್ರೆಸರ್ ಮತ್ತೆ ಲೋಡಿಗೆ ಬರುತ್ತದೆ. ಎರಡು ನಿಮಿಷ ಲೋಡು, ಆರು ನಿಮಿಷ ಅನ್‌ಲೋಡು ಎಂದು ಗ್ರಾಫ್ ತೋರಿಸಿದರೆ ಎಂಟು ನಿಮಿಷದಲ್ಲಿ ಎರಡು, ಅಂದರೆ ಶೇ 25 ಗಾಳಿ ಸೋರಿಕೆಗೇ ಹೋಗುತ್ತಿದೆ. ಲೋಡಿನಲ್ಲಿ 22 ಕಿಲೋವ್ಯಾಟ್ ಎಳೆಯುವ ಕಂಪ್ರೆಸರ್ ಆದರೆ ಅದರ ಕಾಲು ಭಾಗ 5.5 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 26,400 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ 1,84,800 ರೂಪಾಯಿ. ಅನ್‌ಲೋಡಿನಲ್ಲೂ ಮೋಟಾರು ತಿನ್ನುವ ವಿದ್ಯುತ್ತನ್ನು ಇದರಲ್ಲಿ ಸೇರಿಸಿಲ್ಲ.

ಈ ಲೆಕ್ಕ ಕಾರ್ಖಾನೆಯ ಮಾಲೀಕರಿಗೆ ಅರ್ಥವಾಗುತ್ತದೆ, ಫಿಟ್ಟರಿಗೂ ಅರ್ಥವಾಗುತ್ತದೆ. ಮರುದಿನ ಸಾಬೂನು ನೀರು ಹಿಡಿದು ಜಾಯಿಂಟುಗಳನ್ನು ಹುಡುಕಬಹುದು. ಗುಳ್ಳೆ ಎದ್ದಲ್ಲೆಲ್ಲ ಚೀಟಿ ಕಟ್ಟಿ, ಸರಿಪಡಿಸಿದ ಮೇಲೆ ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿದರೆ ಮೊದಲಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವೇ ಪ್ರಾಜೆಕ್ಟಿನ ಫಲಿತಾಂಶ. ಸೆನ್ಸರ್, ಜಾಲ, ದಾಖಲೆ, ಲೆಕ್ಕ, ಕ್ರಮ, ಮರುಪರೀಕ್ಷೆ ಎಲ್ಲವೂ ಅದರಲ್ಲಿವೆ. ನನ್ನ ಮಟ್ಟಿಗೆ ಇದು ಶೇ 99ರ ಪ್ರಾಜೆಕ್ಟಿಗಿಂತ ದೊಡ್ಡದು.

ಕಾರ್ಖಾನೆಯ ಒಳಗೆ ಕಾಲಿಟ್ಟವರಿಗೆ ಮಾತ್ರ ತಿಳಿಯುವ ಇನ್ನೊಂದು ಸಂಗತಿ ಇದೆ, ಅದನ್ನು ಯಾವ ಪಠ್ಯಕ್ರಮವೂ ಬಿಡಬಾರದು. ಅದೇ ಕರೆಂಟ್ ಸೆನ್ಸರನ್ನು ಲೇತಿಗೆ ಸಿಕ್ಕಿಸಿದರೆ ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂದು ನಿಮಿಷ ನಿಮಿಷಕ್ಕೂ ತಿಳಿಯುತ್ತದೆ. ಕಚೇರಿಯ ಪರದೆಯಲ್ಲಿ ಅದು ಕೆಂಪು ಪಟ್ಟಿಯಾಗಿ ಕಾಣುತ್ತದೆ. ಆ ಕೆಂಪು ಪಟ್ಟಿ ಆಪರೇಟರನ ಸೋಮಾರಿತನವೇ? ಕಚ್ಚಾ ಮಾಲು ಬಂದಿರಲಿಲ್ಲವೇನೋ, ಟೂಲ್ ಮುರಿದು ಸ್ಟೋರಿನಲ್ಲಿ ಹೊಸದು ಇರಲಿಲ್ಲವೇನೋ, ಕ್ವಾಲಿಟಿಯವರು ಮೊದಲ ಜಾಬ್ ನೋಡಿ ಸಹಿ ಹಾಕಲು ತಡ ಮಾಡಿದರೇನೋ. ಆತ ಶೌಚಾಲಯಕ್ಕೂ ಹೋಗಿರಬಹುದು, ಹೋಗುವುದು ಅವನ ಹಕ್ಕು. ಇಲ್ಲಿ ಸಂಖ್ಯೆ ನಿಜ, ಅದಕ್ಕೆ ಕೊಟ್ಟ ಅರ್ಥ ಸುಳ್ಳು. ಕಾರಣ ಹೇಳಲು ಆಪರೇಟರಿಗೆ ಯಂತ್ರದ ಪಕ್ಕದಲ್ಲೇ ನಾಲ್ಕು ಗುಂಡಿಗಳನ್ನು ಕೊಡಬೇಕು: ಮಾಲಿಲ್ಲ, ಟೂಲಿಲ್ಲ, ತಪಾಸಣೆ ಬಾಕಿ, ರಿಪೇರಿ. ಗುಂಡಿಗಳ ಮೇಲಿನ ಬರಹ ಕನ್ನಡದಲ್ಲಿರಬೇಕು. ಆ ವ್ಯವಸ್ಥೆ ಕಟ್ಟುವ ಹೊತ್ತಿನಲ್ಲೇ ಅವನನ್ನು ಕೂರಿಸಿಕೊಂಡು ಮಾತಾಡಬೇಕು. ಇಲ್ಲದಿದ್ದರೆ ಸೆನ್ಸರಿನ ತಂತಿ ಒಂದು ದಿನ ತಾನಾಗಿ ಕಿತ್ತುಹೋಗಿರುತ್ತದೆ, ಕಿತ್ತವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಹಾಗಾಗಿ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಬಹಳ ನಿರ್ದಿಷ್ಟವಾದದ್ದು. ಐಒಟಿ ಓದುವ ಪ್ರತಿ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಕೆಲವು ವಾರವಾದರೂ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ, ಒಂದೇ ಯಂತ್ರದ ಜೊತೆ ಕಳೆಯುವಂತಾಗಲಿ. ಆ ಯಂತ್ರ ಎಲ್ಲಿ ಬಿಸಿಯಾಗುತ್ತದೆ, ಎಷ್ಟಕ್ಕೊಮ್ಮೆ ಗ್ರೀಸ್ ಬೇಡುತ್ತದೆ, ಹೋದ ಸಲ ಏಕೆ ನಿಂತಿತು ಎಂದು ಅದರ ಆಪರೇಟರನ್ನು ಕೇಳಿ ಬರೆದುಕೊಳ್ಳಲಿ. ಆಮೇಲೆ ಯಾವುದನ್ನು ಅಳೆಯಬೇಕು ಎಂದು ತೀರ್ಮಾನಿಸಲಿ. ಕೊನೆಯ ವರದಿಯ ಒಂದು ಪುಟ ಕನ್ನಡದಲ್ಲಿದ್ದು ಆ ವರ್ಕ್‌ಶಾಪಿಗೆ ತಲುಪಲಿ. ವೈವಾ ದಿನ ಬಾಹ್ಯ ಪರೀಕ್ಷಕರ ಪಕ್ಕದಲ್ಲಿ ಒಂದು ಕುರ್ಚಿ ಅಲ್ಲಿನ ಫಿಟ್ಟರಿಗೂ ಇರಲಿ, ಅವರು ಕೇಳುವ ಪ್ರಶ್ನೆಗಳಿಗೆ ಕೊಡುವ ಉತ್ತರಕ್ಕೂ ಅಂಕವಿರಲಿ.